ಮಿಲ್ಲಿಂಗ್ ಯಂತ್ರ ಕೂರಿಸುವ ಮೊದಲು ಗಾಳಿಯನ್ನು ನೋಡಿಕೊಳ್ಳಿ

ಡೆಂಟಲ್ ಲ್ಯಾಬಿಗೆ ಜಿರ್ಕೋನಿಯಾ (ಕೃತಕ ಹಲ್ಲಿಗೆ ಬಳಸುವ ಸೆರಾಮಿಕ್) ಕೊರೆಯುವ ಮಿಲ್ಲಿಂಗ್ ಯಂತ್ರ ತರಿಸುವವರು ಯಂತ್ರದ ಚೌಕಾಸಿಯಲ್ಲೇ ಮುಳುಗಿ, ಅದಕ್ಕೆ ಒತ್ತಡದ ಗಾಳಿ ಕೊಡುವ ಕಂಪ್ರೆಸರನ್ನು ಮರೆತುಬಿಡುತ್ತಾರೆ. ಗಾಳಿಯೊಡನೆ ಬರುವ ನೀರು, ಎಣ್ಣೆ ಎರಡೂ, ಕೊರೆಯುವ ಉಪಕರಣವನ್ನು ತಿರುಗಿಸುವ ಸ್ಪಿಂಡಲ್‌ಗೆ ಶತ್ರುಗಳು. ಎಣ್ಣೆರಹಿತ ಕಂಪ್ರೆಸರ್, ಅದಕ್ಕೊಂದು ಡ್ರೈಯರ್, ಯಂತ್ರದ ಪಕ್ಕದಲ್ಲೇ ಫಿಲ್ಟರ್ ಇರಲೇಬೇಕು. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ದಿನವೂ ಕಂಪ್ರೆಸರ್ ಟ್ಯಾಂಕಿನ ನೀರು ಬಸಿಯಿರಿ. ಫಿಲ್ಟರಿನ ಬಟ್ಟಲಲ್ಲಿ ನೀರು ಕಂಡರೆ ಅದನ್ನು ಸರಿಪಡಿಸದೆ ಯಂತ್ರ ಓಡಿಸಬೇಡಿ.

ಮೇಜು ಅಲುಗಬಾರದು. ಯಂತ್ರದ ಜಾಗ ಬದಲಿಸಿದರೆ ಮತ್ತೆ ಕ್ಯಾಲಿಬ್ರೇಷನ್ (ಅಳತೆ ಹೊಂದಿಸುವ ಕೆಲಸ) ಮಾಡಿಸಿ. ಧೂಳು ಹೀರಲು ಮನೆಬಳಕೆಯ ವ್ಯಾಕ್ಯೂಮ್ ಸಾಲದು. ಜಿರ್ಕೋನಿಯಾ ಪುಡಿ ಮೈದಾಹಿಟ್ಟಿನಂತೆ ನಯ, ಅತಿ ಸೂಕ್ಷ್ಮ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದನ್ನೇ ಕೊಳ್ಳಿ.

ಇನ್ನು ಸ್ಕೇಲಿಂಗ್ ಸಂಖ್ಯೆ. ಕೊರೆದ ಮೇಲೆ ಜಿರ್ಕೋನಿಯಾ ಕುಲುಮೆಯಲ್ಲಿ ಸುಮಾರು ಶೇ. 20ರಷ್ಟು ಕುಗ್ಗುವುದರಿಂದ ಯಂತ್ರ ಅದನ್ನು ದೊಡ್ಡದಾಗಿಯೇ ಕೊರೆಯುತ್ತದೆ. ಎಷ್ಟು ದೊಡ್ಡದು ಎಂಬುದು ಯಂತ್ರಕ್ಕೆ ಹಾಕುವ ಜಿರ್ಕೋನಿಯಾ ಡಿಸ್ಕಿನ ಮೇಲೆಯೇ ಇರುತ್ತದೆ, ಸಾಮಾನ್ಯವಾಗಿ 1.2ರ ಆಸುಪಾಸಿನ ಸಂಖ್ಯೆ. ಬ್ಯಾಚ್ ಬದಲಾದರೆ ಅದೂ ಬದಲಾಗಬಹುದು. ಸಾಫ್ಟ್‌ವೇರಿನಲ್ಲಿ ಹಳೆಯ ಸಂಖ್ಯೆಯೇ ಉಳಿದರೆ ಒಂಟಿ ಕ್ರೌನ್ (ಒಂದು ಹಲ್ಲಿನ ಕವಚ) ಹೇಗೋ ಕೂರಬಹುದು, ಹಲವು ಹಲ್ಲುಗಳನ್ನು ಜೋಡಿಸಿದ ಉದ್ದದ ಬ್ರಿಡ್ಜ್ ಕೂರುವುದಿಲ್ಲ. ಬೈಗುಳ ಮಾತ್ರ ಹಲ್ಲಿನ ಅಳತೆ ಸ್ಕ್ಯಾನ್ ಮಾಡಿದವನಿಗೆ, ಪಾಪ! ಡಿಸ್ಕ್ ಬದಲಿಸಿದಾಗಲೆಲ್ಲ ಸಂಖ್ಯೆಯನ್ನು ಒಬ್ಬರು ಓದಿ ಹೇಳಲಿ, ಇನ್ನೊಬ್ಬರು ಟೈಪ್ ಮಾಡಲಿ.