ಒಣದ್ರಾಕ್ಷಿ ನೀರಿನ ಬ್ರೆಡ್, ಗಡಗಿಯೊಳಗ ಉಬ್ಬಿಸಿದ್ದು: ವಿಜಯಪುರದ ಬ್ಯಾಸಗ್ಯಾಗ ನನ್ನ ಅನುಭವ

ಕಡೀಕೂ ಆತು ನೋಡ್ರಿ. ಹೋದ ರವಿವಾರ ಮುಂಜಾನೆ ಆರಕ್ಕ ಓಟಿಜಿಯಿಂದ (ಕರೆಂಟಿನ ಸಣ್ಣ ಒಲಿ) ತಗದೆ, ಒಂದು ತಾಸು ಆರಲಿಕ್ಕೆ ಬಿಟ್ಟು ಕೊಯ್ದೆ, ಒಳಗ ಸಣ್ಣ ದೊಡ್ಡ ತೂತು, ತಳಕ್ಕ ಹಸಿ ಇಲ್ಲ, ಹುಳಿ ಎಷ್ಟು ಬೇಕೋ ಅಷ್ಟೇ. ಬಾಜಾರದ ಈಸ್ಟ್ ಒಂದು ಕಾಳೂ ಹಾಕಿಲ್ಲ. "ಬೇಕರಿ ಓಣಿ ತುದೀಗೇ ಅದ, 40 ರೂಪಾಯಿ ಕೊಟ್ರ ಬ್ರೆಡ್ ಬರ್ತದ, ನಿನಗ್ಯಾಕ ಈ ಉಸಾಬರಿ" ಅಂತ ಎರಡು ತಿಂಗಳು ಅಂದ ನಮ್ಮ ಮನಿಯವರು ನಾಕು ಹೋಳು ತಿಂದು ಸುಮ್ಮನ ಪೇಪರ್ ಹಿಡಕೊಂಡು ಕುಂತ್ರು. ಅಷ್ಟು ಸಾಕು ನನಗ.

ಶುರು ಆಗಿದ್ದು ಮಾರ್ಚ್‌ನ್ಯಾಗ. ತಿಕೋಟಾ ಕಡೆ ನಮ್ಮ ಕಾಕಾಂದು ದ್ರಾಕ್ಷಿ ತ್ವಾಟ ಅದ, ಶೆಡ್ಡಿನ್ಯಾಗ ಮಣೂಕ, ಅಂದ್ರ ಒಣದ್ರಾಕ್ಷಿ, ಮಾಡ್ತಾರ, ವರ್ಷಾ ಮನೀಗೆ ಒಂದು ಡಬ್ಬಿ ಬರ್ತದ. ಒಣದ್ರಾಕ್ಷಿ ನೀರಾಗ ನೆನಸಿಟ್ರ ಅದೇ ಈಸ್ಟ್ ಆಗ್ತದ ಅಂತ ಎಲ್ಲೋ ಓದಿದ್ದೆ, ಮಣೂಕದ ಊರಾಗ ಇದ್ದು ನಾ ಮಾಡದೇ ಇನ್ನ್ಯಾರು ಮಾಡಬೇಕು ಅಂತ ಜೋಶ್ ಬಂತು. ಮದಲನೇ ಸಲ ಚಂದ ಕಾಣ್ತಾವಂತ ಬಂಗಾರ ಬಣ್ಣದ ಮಣೂಕ ಹಾಕಿದೆ. ಐದು ದಿನ ಆತು, ಆರು ದಿನ ಆತು, ಒಂದು ಗುಳ್ಳಿ ಇಲ್ಲ, ಮ್ಯಾಲ ಬೆಳ್ಳಗ ಬೂಸ್ಟು ಬಂತು, ಬಚ್ಚಲಕ್ಕ ಹಾಕಿದೆ. ಎರಡನೇ ಸಲಾನೂ ಅದೇ. ಸುಮಾರು ಅರ್ಧ ಕಿಲೋ ಒಳ್ಳೆ ಮಾಲು ಹಿಂಗೇ ಹೋತು, ನಾಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಮಣೂಕ ಅಂದ್ರ ಲೆಕ್ಕಾ ನೀವೇ ಹಾಕ್ರಿ. ಆಮ್ಯಾಲ ಕಾಕಾಗ ಫೋನ್ ಹಚ್ಚಿದಾಗ ಗೊತ್ತಾತು, ಆ ಬಣ್ಣ ಬರಲಿಕ್ಕೆ ಗಂಧಕದ ಹೊಗಿ ಕೊಡ್ತಾರ. ಹೊಗಿ ಬಡದ ಮ್ಯಾಲ ಸಿಪ್ಪಿ ಮ್ಯಾಲಿನ ಈಸ್ಟಿನ ಜೀವ ಎಲ್ಲಿ ಉಳೀತದ? "ನಮ್ಮ ಮನೀಗಂತ ಹಂಗೇ ಒಣಗಿಸಿದ್ದು ಅದ, ಎಣ್ಣಿ ನೀರಾಗ ಅದ್ದಿಲ್ಲ ಹೊಗಿ ಕೊಟ್ಟಿಲ್ಲ, ಕರ್ರಗ ಅದಾವು, ನಡೀತಾವೇನವಾ" ಅಂದ್ರು. ನಡೀತಾವ ಅಂದ್ರ, ಓಡಿದ್ವು!

ಎಷ್ಟು ಓಡಿದ್ವು ಅಂದ್ರ ಮೂರನೇ ದಿನ ಮಧ್ಯಾಹ್ನ ಬಾಟ್ಲಿ ಮುಚ್ಚಳ ಹಾರಿ ಮ್ಯಾಲಿನ ಫಳಿಗೆ ಬಡೀತು, ನೀರು ಗ್ವಾಡಿ ತುಂಬ. ಮುಚ್ಚಳ ಬಿಗಿ ಮಾಡಿದ್ದು ನಂದೇ ತಪ್ಪು. ಅತ್ತಿಯವರು ನಿದ್ದಿಗಣ್ಣಾಗ ಎದ್ದು ಬಂದು ಮೂಸಿ ನೋಡಿ "ಯಾಕವಾ, ಮನ್ಯಾಗ ಸೆರೆ ಇಳಸ್ಲಿಕತ್ತೀಯೇನು?" ಅಂದ್ರು. ಅವತ್ತಿನಿಂದ ಆ ಬಾಟ್ಲಿಗೆ ನಮ್ಮ ಮನ್ಯಾಗ ಸೆರೆ ಬಾಟ್ಲಿ ಅಂತನ ಹೆಸರು. ಈಗ ಅಳತಿ ಹಿಂಗ: ಮಣೂಕ ಒಂದು ಮುಷ್ಟಿ ಮ್ಯಾಲ, 100 ಗ್ರಾಂ ಅಂತ ಇಟ್ಕೋರಿ, ಕುದಿಸಿ ಆರಿಸಿದ ನೀರು 400 ಎಂಎಲ್, ಒಂದು ಚಮಚ ಸಕ್ರಿ, ಮತ್ತ ಇನ್ನೊಂದು ಅರ್ಧ ಚಮಚ ಒಂದು ಪುಡಿ, ಅದನ್ನ ಮಾತ್ರ ಕೇಳಬ್ಯಾಡ್ರಿ. ದಿನಕ್ಕ ಎರಡು ಸಲ ಮುಚ್ಚಳ ಸಡಿಲ ಮಾಡಿ ಗಾಳಿ ಬಿಟ್ಟು, ಮತ್ತ ಹಾಕಿ ಅಲುಗಾಡಿಸೂದು. ಮಣೂಕ ಎಲ್ಲಾ ಮ್ಯಾಲ ತೇಲಿ ಸೋಡಾದಂಗ ಗುಸುಗುಸು ಅಂದ್ರ ಆತು.

ನೀರು ತಯಾರಾತು, ಆದ್ರ ಹಿಟ್ಟು ಕೈ ಕೊಡ್ತು. ಏಪ್ರಿಲ್‌ನ್ಯಾಗ ನಮ್ಮ ಅಡಗಿಮನಿ ಮಧ್ಯಾಹ್ನ 38 ತೋರಸ್ತಿತ್ತು (250 ರೂಪಾಯಿ ಥರ್ಮಾಮೀಟರ್, ಒಂದೆರಡು ಡಿಗ್ರಿ ಹೆಚ್ಚು ಕಡಿಮಿ ಇರಬಹುದು). ನಾದಿಟ್ಟು ಟಿವಿ ಮುಂದ ಕುಂತು ಎದ್ದು ಬರೂದ್ರಾಗ ಹಿಟ್ಟು ಉಬ್ಬಿ, ಮತ್ತ ಕುಸದು, ಕೈಗೆ ಅಂಟಂಟು, ಸುಟ್ರ ಹುಳಿ ಇಟ್ಟಂಗಿ. ಹಿಂಗ ನಾಕೋ ಐದೋ ಹೋದ್ವು. ಫ್ರಿಜ್‌ನ್ಯಾಗ ಇಡಬೇಕಿತ್ತು ಅಂತೀರಿ, ನಮ್ಮ ಫ್ರಿಜ್ ಮೇ ತಿಂಗಳದಾಗ ಮಾವಿನ ಹಣ್ಣು, ಮಜ್ಜಿಗಿ, ನೀರಿನ ಬಾಟ್ಲಿ ತುಂಬಿರ್ತದ, ಒಂದು ಸಲ ಜಗಾ ಮಾಡಿ ಇಟ್ರ ಈ ಮಣೂಕದ ಹಿಟ್ಟು ತಣ್ಣಗ ಮಲಕೊಂಡುಬಿಡ್ತು, ಮರುದಿನ ಮಧ್ಯಾಹ್ನಕ್ಕೂ ಏಳಲಿಲ್ಲ.

ಗಡಗಿ ಹೊಳದದ್ದು ಕುಡ್ಯೂ ನೀರಿನ ಹರವಿ ನೋಡಿ. ಕುಂಬಾರರ ಕಡೆ ಅಗಲ ಬಾಯಿದ ಒಂದು ದೊಡ್ಡ ಗಡಗಿ, ಅದರಾಗ ಕೂಡೂ ಹಂಗ ಇನ್ನೊಂದು, ಎರಡಕ್ಕೂ ಕೂಡಿ 300ರ ಆಸುಪಾಸು. ನಡುವ ಉಸುಕು, ಉಸುಕಿಗೆ ನೀರು, ಒಳಗಿನ ಗಡಗ್ಯಾಗ ಹಿಟ್ಟಿನ ಸ್ಟೀಲ್ ಡಬ್ಬಿ, ಬಾಯಿಗೆ ಹಳೇ ಧೋತರ ತೋಯ್ಸಿ ಹೊಚ್ಚಿ ಗಾಳಿ ಆಡೂ ಪಡಸಾಲ್ಯಾಗ ಇಟ್ಟೆ. ರಾತ್ರಿ ಒಳಗ 26-27. ಹೊರಗ 33 ಇತ್ತು! ನಮ್ಮ ಒಣ ಬಿಸಲಿಗಷ್ಟೇ ಇದು ನಡೀತದ, ಮಂಗಳೂರಾಗಿರೋ ನನ್ನ ತಂಗಿ ನೋಡಿ ಮಾಡಿದ್ಲು, ಅಲ್ಲಿ ಗಾಳ್ಯಾಗೇ ನೀರು, ಗಡಗಿ ಬರೇ ಒದ್ದಿ ಆತು ಅಂತ ಬೈದ್ಲು. ಇಲ್ಲೂ ಒಂದು ದಿನ ಸಂಜೀಕ ಗುಡುಗು ಮಳಿ ಬಂದಾಗ ಗಡಗಿ ತಣ್ಣಗಾಗಲೇ ಇಲ್ಲ, ಅವತ್ತಿನ ಹಿಟ್ಟಿನಿಂದ ದ್ವಾಸಿ ಹೊಯ್ದೆ, ಚೊಲೊ ಆಗಿದ್ವು.

ಈಗ ಮಾಡೂದು: ಮಧ್ಯಾಹ್ನ ಮಣೂಕದ ನೀರು, ಮೈದಾ ಸಮ ಸಮ ಕಲಸಿಟ್ರ ನಾಕೈದು ತಾಸಿನ್ಯಾಗ ಎರಡು ಪಟ್ಟು. ರಾತ್ರಿ 9ಕ್ಕ ಅದರಾಗಿಂದು 150 ಗ್ರಾಂ, ಮೈದಾ 400, ಹರವಿ ನೀರು 230ರಿಂದ 240, ಉಪ್ಪು 8 ಗ್ರಾಂ, ಕೈ ನೋಯೂತನಕ ನಾದೂದು. ಗಡಗ್ಯಾಗ ಇಟ್ಟು ಮಲಗೂದು. ಮುಂಜಾನೆ ಮೂರೂವರಿಗೆ ಅಲಾರಾಂ, ಎದ್ದು ಟಿನ್ನಿಗೆ ಹಾಕಿ ಮತ್ತ ಮಲಗೂದು, ಐದೂಕಾಲಕ್ಕ ಓಟಿಜಿ 200, ನಲವತ್ತು ಮಿನಿಟು. ಬಿಸಲೇರೂದ್ರೊಳಗ ಅಡಗಿಮನಿ ಕೆಲಸ ಮುಗೀಬೇಕು, ಇಲ್ಲಂದ್ರ ಬ್ರೆಡ್ ಜೋಡಿ ನಾವೂ ಬೇಯ್ತೀವಿ. ಟಿನ್ನಿಗೆ ಹಾಕೂ ಮುಂದ ಮಡಚೂದರಾಗ ಒಂದು ಕೈಚಳಕ ಅದ, ಅದು ಬರದು ತಿಳಸೂದಲ್ಲ, ಬಂದು ನೋಡಬೇಕು.

ನಡುವ ಜ್ವಾಳದ ಹಿಟ್ಟೂ ಹಾಕಿ ನೋಡೀನಿ. ಐದಕ್ಕ ಒಂದು ಪಾಲು ಬಿಳಿ ಜ್ವಾಳ ನಡೀತದ, ವಾಸನಿ ಭಾರಿ. ಅರ್ಧಕ್ಕರ್ಧ ಹಾಕಿದ್ದು ಮಾತ್ರ ಡೋಣಿ ಹೊಳಿ ಸಾಲಿನ ಎರಿ ಹೊಲ ಬ್ಯಾಸಗ್ಯಾಗ ಬಿರದಂಗ ಬಿರೀತು, ಮಸರು ಹಚ್ಚಿ ತಿಂದ್ವಿ. ಹಿಟ್ಟು ಕಾಯೂ ಹೊತ್ತಿನ್ಯಾಗ ಕ್ರೋಶಾ ಹಿಡದೆ, ಉಲ್ಲನ್ ಬೆವರ ಕೈಗೆ ಸಿಕ್ಕೊಂಡು ಬ್ಯಾಸರಾತು, ಹತ್ತಿ ದಾರ ತಂದು ಗಡಗಿ ಬಾಯಿಗೆ ಒಂದು ಮುಚ್ಚಳದ ಜಾಳಗಿ ಹೆಣದೀನಿ, ಒಂದು ಅಂಚು ಸೊಟ್ಟ ಅದ, ಕೆಲಸಕ್ಕ ಬರ್ತದ.

ರೊಕ್ಕದ ಲೆಕ್ಕಾ ಕೇಳಿದ್ರ, ಹಾಳಾದ ಮೈದಾ, ಮಣೂಕ, ಗಡಗಿ, ಟಿನ್ನು, ಕರೆಂಟ್ ಕೂಡಿಸಿ 2000ದ ಹತ್ರ ಹೋಗ್ಯಾದ, ಓಟಿಜಿ ಮದಲೇ ಇತ್ತು. ಒಂದು ಬ್ರೆಡ್ಡಿಗೆ ಈಗ 35-40 ಬೀಳ್ತದ, ಅಂದ್ರ ಬೇಕರಿದಷ್ಟೇ. ಮನಿಯವರಿಗೆ ಇನ್ನೂ ಹೇಳಿಲ್ಲ. ವೈನಿ ಮದಲು "ಈಸ್ಟ್ ಇಲ್ಲದ ಬ್ರೆಡ್ ಅಂದ್ರ ದಪ್ಪ ರೊಟ್ಟಿ" ಅಂತ ನಕ್ಕಾಕಿ ಈಗ ಸೆರೆ ಬಾಟ್ಲಿಯಿಂದ ಅರ್ಧ ಲೋಟ ಒಯ್ದಾಳ. ಅತ್ತಿಯವರು ಚಹಾದಾಗ ಅದ್ದಿ ತಿಂತಾರ, ಅಂಚಿನ ಹೋಳು ತಮಗೇ ಬೇಕು ಅಂತಾರ. ಒಳಗಿನ ಗಡಗಿ ಮೊನ್ನೆ ಬುಡಕ್ಕ ಸೀಳ್ಯಾದ, ನಾಳಿ ಕುಂಬಾರರ ಕಡೆ ಹೋಗಬೇಕು, ಈ ಸಲ ಎರಡು ತರ್ತೀನಿ.