ರೈಲುಹಳಿಯ ತಿರುವಿನಲ್ಲಿ ಹೊರಹಳಿ ಎಷ್ಟು ಎತ್ತರವಿರಬೇಕು?

ಮೊದಲು ತಿರುವಿನ ತ್ರಿಜ್ಯ ಬೇಕು. ಹೊರಹಳಿಯ ಒಳಮೈಗೆ 20 ಮೀಟರ್ ದಾರವನ್ನು ಬಿಗಿಯಾಗಿ ಹಿಡಿದು, ನಡುಮಧ್ಯದಲ್ಲಿ ಹಳಿಗೂ ದಾರಕ್ಕೂ ಇರುವ ಅಂತರವನ್ನು ಮಿಲಿಮೀಟರ್‌ನಲ್ಲಿ ಅಳೆಯಿರಿ. 50000ವನ್ನು ಅದರಿಂದ ಭಾಗಿಸಿದರೆ ತ್ರಿಜ್ಯ ಮೀಟರ್‌ನಲ್ಲಿ ಸಿಗುತ್ತದೆ. 57 ಮಿ.ಮೀ. ಬಂದರೆ ಸುಮಾರು 875 ಮೀಟರ್, ಅಂದರೆ 2 ಡಿಗ್ರಿ ತಿರುವು (ಸುಮಾರು 30.5 ಮೀಟರ್ ಸಾಗುವಷ್ಟರಲ್ಲಿ ಹಳಿಯ ದಿಕ್ಕು 2 ಡಿಗ್ರಿ ತಿರುಗುತ್ತದೆ). ಒಂದೇ ಕಡೆ ಅಳೆದು ನಂಬಬೇಡಿ. 10 ಮೀಟರ್‌ಗೊಮ್ಮೆ ಅಳೆದು ಸರಾಸರಿ ತೆಗೆಯಿರಿ.

ಒಳಹಳಿಗಿಂತ ಹೊರಹಳಿ ಎಷ್ಟು ಎತ್ತರವಿದೆಯೋ ಅದೇ ಕ್ಯಾಂಟ್. ಬ್ರಾಡ್‌ಗೇಜ್‌ಗೆ ಸೂತ್ರ: ಕ್ಯಾಂಟ್ (ಮಿ.ಮೀ.) = 1750 × ವೇಗದ (ಗಂಟೆಗೆ ಕಿ.ಮೀ.) ವರ್ಗ ÷ (127 × ತ್ರಿಜ್ಯ (ಮೀಟರ್)). ಇದೇ ತಿರುವಿನಲ್ಲಿ ಗಂಟೆಗೆ 100 ಕಿ.ಮೀ. ಓಡುವ ಎಕ್ಸ್‌ಪ್ರೆಸ್‌ಗೆ 157 ಮಿ.ಮೀ. ಬೇಕು. ಆದರೆ ಅಷ್ಟನ್ನೂ ಕೊಡುವಂತಿಲ್ಲ. ವಾಡಿ ಕಡೆಯಿಂದ ಸಿಮೆಂಟ್ ಹೊತ್ತು 60ರಲ್ಲಿ ಬರುವ ಗೂಡ್ಸ್‌ಗೆ 57 ಮಿ.ಮೀ. ಸಾಕು, 157 ಕೊಟ್ಟರೆ ಅದರ ಭಾರ ಒಳಹಳಿಯ ಮೇಲೆ ಹೆಚ್ಚಾಗಿ ಬಿದ್ದು ಹಳಿಯ ತಲೆ ಚಪ್ಪಟೆಯಾಗುತ್ತದೆ. ಕೊರತೆಯೂ ಹೆಚ್ಚುವರಿಯೂ 75 ಮಿ.ಮೀ. ದಾಟದಂತೆ 100 ಕೊಡಿ: ಎಕ್ಸ್‌ಪ್ರೆಸ್‌ಗೆ 57 ಕಡಿಮೆ, ಗೂಡ್ಸ್‌ಗೆ 43 ಹೆಚ್ಚು.

ಈ 100 ಮಿ.ಮೀ. ಒಮ್ಮೆಲೇ ಏರಬಾರದು. 0.008 × ಕ್ಯಾಂಟ್ × ವೇಗ, ಅಂದರೆ 80 ಮೀಟರ್ ಉದ್ದದ ಸಂಕ್ರಮಣ ತಿರುವಿನಲ್ಲಿ (ನೇರ ಹಳಿ ನಿಧಾನವಾಗಿ ತಿರುವಿಗೆ ಹೊರಳುವ ಭಾಗದಲ್ಲಿ) ಸಮನಾಗಿ ಏರಿಸಿ. ಒಳಹಳಿ ಮಟ್ಟದಲ್ಲೇ ಇರಲಿ, ಹೊರಹಳಿಯನ್ನಷ್ಟೇ ಎತ್ತಿ ಜಲ್ಲಿ ಪ್ಯಾಕ್ ಮಾಡಿ.

ಕಲಬುರಗಿ, ಯಾದಗಿರಿಯ ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಹಾಗಾಗಿ ಮಳೆಗಾಲ ಮುಗಿದೊಡನೆ ಗೇಜ್-ಕಮ್-ಲೆವೆಲ್ (ಹಳಿಗಳ ನಡುವಿನ ಅಂತರ ಮತ್ತು ಎತ್ತರದ ವ್ಯತ್ಯಾಸ ಅಳೆಯುವ ಸಾಧನ) ಇಟ್ಟು ಮತ್ತೆ ಅಳೆಯಲೇಬೇಕು.