ಕೊಳೆಮದ್ದು ಕೆಡುವುದು ಸುಣ್ಣದಲ್ಲಿ

“ಎರಡು ಸಲ ಹೊಡೆಸಿದ್ದೆ, ಆದರೂ ಕೊಳೆ ಬಂತು” ಎಂದು ಉದುರಿದ ಅಡಿಕೆಯ ಮುಂದೆ ನಿಂತವರನ್ನು ಪ್ರತಿ ಆಷಾಢದಲ್ಲೂ ನೋಡುತ್ತೇನೆ. ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ಮದ್ದು, ಅಂದರೆ ಬೋರ್ಡೋ, ಕಲಸಿದ ಡ್ರಮ್ಮನ್ನು ಒಮ್ಮೆ ಇಣುಕಿದರೆ ಕಾರಣ ತಳದಲ್ಲೇ ಕೂತಿರುತ್ತದೆ.

ಮೊದಲು ಹವೆ ನೋಡಿ. ಕೊಳೆ ತರುವ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಯ ಬೀಜಾಣು ನೀರಿನ ಪಸೆಯಲ್ಲಿ ಈಜಿಕೊಂಡು ಹೋಗುತ್ತದೆ. ಜಿಟಿಜಿಟಿ ಮಳೆ, 20ರಿಂದ 23 ಡಿಗ್ರಿ ತಂಪು, ಶೇ 90 ದಾಟಿದ ತೇವಾಂಶ, ನಡುನಡುವೆ ಬಿಸಿಲು: ಅದಕ್ಕೆ ಇಷ್ಟು ಸಾಕು. ಕಾಯಿಯ ತೊಟ್ಟಿನ ಬಳಿ ನೀರು ಕುಡಿದಂಥ ಕಲೆ ಮೂಡಿದ ಮೇಲೆ ಅದನ್ನು ಬೋರ್ಡೋ ವಾಸಿ ಮಾಡದು. ಹಾಗಾಗಿ ಮೊದಲ ಸಿಂಪಡಣೆ ಮೃಗಶಿರಾ ಮಳೆ ಹಿಡಿಯುವ ಮುಂಚೆ, ಎರಡನೆಯದು 40–45 ದಿನಕ್ಕೆ. ಮಳೆ ಬಿಡದಿದ್ದರೆ ಮೂರನೆಯದೂ ಬೇಕು.

ಅಳತೆ ಸುಲಭ: 100 ಲೀಟರ್ ನೀರಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್) 1 ಕೆ.ಜಿ., ಸುಣ್ಣ 1 ಕೆ.ಜಿ. ಮೈಲುತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ 50 ಲೀಟರ್ ನೀರಲ್ಲಿ ರಾತ್ರಿಯೇ ತೂಗುಬಿಡಿ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು, ಕಬ್ಬಿಣದ್ದು ಬೇಡ.

ಎಡವುವುದು ಸುಣ್ಣದಲ್ಲಿ. ಕಳೆದ ವರ್ಷದ ಚೀಲದಲ್ಲಿ ಗಾಳಿಗೆ ತಾನೇ ಪುಡಿಯಾದ ಸುಣ್ಣಕ್ಕೆ ಸತ್ವವಿಲ್ಲ. ನೀರು ಚಿಮುಕಿಸಿದರೆ ಕೊತಕೊತ ಕುದಿಯುವ ಹೊಸ ಸುಟ್ಟ ಸುಣ್ಣ ತನ್ನಿ. ಸ್ವಲ್ಪ ಸ್ವಲ್ಪವೇ ನೀರು ಹಾಕಿ ಅರಳಿಸಿ, ಕಣ್ಣಿಗೆ ಸಿಡಿಯದಂತೆ ದೂರ ನಿಲ್ಲಿ. ಆಮೇಲೆ 50 ಲೀಟರ್ ಆಗುವಷ್ಟು ನೀರು ಬೆರೆಸಿ ತಿಳಿ ಮಾಡಿ, ಬಟ್ಟೆಯಲ್ಲಿ ಸೋಸಿ, ಪೂರ್ತಿ ಆರಲು ಬಿಡಿ. ಆಳು ಕಾಯುತ್ತಿದ್ದಾನೆಂದು ಬಿಸಿ ಸುಣ್ಣಕ್ಕೇ ಮೈಲುತುತ್ತದ ನೀರು ಸುರಿದರೆ ಮದ್ದು ದಪ್ಪ ಹರಳುಗಟ್ಟಿ ತಳ ಸೇರುತ್ತದೆ, ನಾಜಲ್ಲೂ ಕಟ್ಟಿಕೊಳ್ಳುತ್ತದೆ. ತಣ್ಣಗಾದ ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ಸಣ್ಣ ಧಾರೆಯಲ್ಲಿ ಹೊಯ್ಯಿರಿ, ಇನ್ನೊಬ್ಬರು ಕೋಲಿನಿಂದ ತಿರುವುತ್ತಲೇ ಇರಲಿ. ಎರಡನ್ನೂ ಒಟ್ಟಿಗೆ ಮೂರನೇ ಡ್ರಮ್ಮಿಗೆ ಸುರಿದರೂ ಸರಿ. ಮೈಲುತುತ್ತಕ್ಕೆ ಸುಣ್ಣ ಸುರಿಯುವುದು ಮಾತ್ರ ಬೇಡ.

ಬಣ್ಣ ತಿಳಿನೀಲಿಯಾದರೆ ಮುಗಿಯಲಿಲ್ಲ. ತಿಕ್ಕಿ ಹೊಳಪು ಬರಿಸಿದ ಕತ್ತಿಯನ್ನು ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಅಲಗು ಕೆಂಪಾಗಿದ್ದರೆ ತಾಮ್ರ ಇನ್ನೂ ಬಿಡಿಯಾಗಿದೆ, ಹಾಗೇ ಹೊಡೆದರೆ ಸಿಂಗಾರ (ಅಡಿಕೆಯ ಹೂಗೊನೆ), ಎಳೆ ಕಾಯಿ ಸುಡುತ್ತವೆ. ಕೆಂಪು ಬರುವುದು ನಿಲ್ಲುವ ತನಕ ಸುಣ್ಣದ ತಿಳಿ ಸೇರಿಸಿ. ಈ ಪರೀಕ್ಷೆಗೆ ಖರ್ಚಿಲ್ಲ, ಆದರೂ ಹತ್ತರಲ್ಲಿ ಎಂಟು ಜನ ಮಾಡುವುದಿಲ್ಲ!

ಮದ್ದು ಕಾಯಿಗೆ ಅಂಟಿ ನಿಲ್ಲಲು ರಾಳ ಹಾಕಿ. ಬಟ್ಟೆ ತೊಳೆಯುವ ಪುಡಿ ಹಾಕಿ ಕಾಸು ಉಳಿಸುವವರಿದ್ದಾರೆ, ಅದು ಮೊದಲ ಜೋರು ಮಳೆಗೇ ತೊಳೆದು ಹೋಗುತ್ತದೆ. ನೀರಿಗೆ ಸುರಿದರಾಯಿತು ಎನ್ನುವ ಸಿದ್ಧ ಪುಡಿಗಳನ್ನೂ ನಾನು ನಂಬುವವನಲ್ಲ. 1910ರ ಹೊತ್ತಿಗೆ ಮೈಸೂರು ಸರ್ಕಾರದ ಶಿಲೀಂಧ್ರ ತಜ್ಞ ಲೆಸ್ಲಿ ಕೋಲ್ಮನ್ ಕೊಳೆಗೆ ಸೂಚಿಸಿದ್ದೂ ಇದೇ ಬೋರ್ಡೋ.

ಕಲಸಿದ್ದನ್ನು ಅಂದೇ ಮುಗಿಸಿ, ನಾಳೆಗೆ ಇಡಬೇಡಿ. ಮಳೆ ನಿಂತು ಅಡಿಕೆ ಗೊನೆ ಆರಿದ ಮೇಲಷ್ಟೇ ಹೊಡೆಸಿ, ಹಿಂಬದಿಯ ಕಾಯಿಗೂ ತಾಗಲಿ. ಉದುರಿದ್ದನ್ನು ಆಯ್ದು ತೋಟದಿಂದ ಹೊರಗೆ ಹಾಕಿ, ಬಸಿಗಾಲುವೆಗೆ ಎಸೆಯಬೇಡಿ.